ಅಂಗಡಿಯವನು ಓದಿದ ಪಟ್ಟಿ

ನಮ್ಮ ಮನೆ ಮಸ್ಕಿಯಲ್ಲಿ. ನಾನು ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ನನ್ನ ಗಂಡ ಜವಳಗೇರಾ ಕಡೆ ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುತ್ತಾರೆ. ಬೆಳಿಗ್ಗೆ ಅವರೊಂದು ದಿಕ್ಕಿಗೆ, ನಾನೊಂದು ದಿಕ್ಕಿಗೆ. ಬರುವಾಗ ಸಿಂಧನೂರಿನಲ್ಲಿ ಕಿರಾಣಿ ಸಾಮಾನು ತರುವುದು ಅವರ ಪಾಲಿನ ಕೆಲಸವಾಗಿತ್ತು.

ಮೊದಲೆಲ್ಲ ಅಂಗಡಿ ಮುಂದೆ ನಿಂತು ನನಗೆ ಫೋನ್ ಮಾಡುತ್ತಿದ್ದರು. ನಾನು ಒಂದೊಂದೇ ಹೇಳಬೇಕು, ಅದನ್ನೇ ಅವರು ಅಂಗಡಿಯವನಿಗೆ ಹೇಳಬೇಕು. ಕಚೇರಿಯಲ್ಲಿ ಜನ ಕಾಯುತ್ತಿರುವಾಗ ಪುಟಾಣಿ, ಗುರೆಳ್ಳು ಎನ್ನುತ್ತ ಕೂಡುವುದು ನನಗೆ ಮುಜುಗರ. ಹೋದ ವರ್ಷ ಇಬ್ಬರ ಫೋನಿನಲ್ಲೂ ಒಂದೇ ಪಟ್ಟಿ ಕಾಣುವಂತಹ ಆ್ಯಪ್ ಹಾಕಿದೆ. ತಂದದ್ದಕ್ಕೆ ಟಿಕ್ ಮಾಡಿದರೆ ಸಾಕು ಎಂದು ತೋರಿಸಿಕೊಟ್ಟೆ. ಅವರು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು.

"ಇದು ನನಗ ಬಗಿಹರಿಯಂಗಿಲ್ಲ. ಫೋನಿನ್ಯಾಗ ಹೇಳಿದ್ರ ಆಗಂಗಿಲ್ಲೇನು?"

"ನಾ ಕೆಲಸ ಮಾಡಾಕತ್ತಿರತೀನಿ ರೀ. ರೂಢಿ ಆಗತದ."

ರೂಢಿಯಾಗಲಿಲ್ಲ. ಬೆರಳು ತಾಗಿ ಅರ್ಧ ಪಟ್ಟಿ ಅಳಿಸಿಹೋಗುತ್ತಿತ್ತು. ಒಮ್ಮೆ ಒಂದೇ ವಾರದಲ್ಲಿ ಮೂರು ಸಲ ಸಬಕಾರ ಬಂತು. ಇನ್ನೊಮ್ಮೆ ತೊಗರಿಬೇಳೆಯಲ್ಲಿ ಹುಳ. ನಾನು ಎದುರಿಗೆ ಬಯ್ಯಲಿಲ್ಲ. ಸಂಜೆಯ ಹೊತ್ತಿಗೆ ಜಗಳಕ್ಕೂ ತ್ರಾಣ ಉಳಿಯುತ್ತಿರಲಿಲ್ಲ. ಮರುದಿನ ಪಟ್ಟಿಯಲ್ಲೇ ಬರೆದೆ: 'ಬ್ಯಾಳಿ ಎರಡು ಕೆಜಿ. ಹೋದ ಸಲದಂಗ ಹುಳ ಬಿದ್ದಿದ್ದು ಬ್ಯಾಡ. ಸಣ್ಣ ಹುಡುಗರಿಗೂ ತಿಳೀತದ, ನಿಮಗ್ಯಾಕ ತಿಳಿಯಂಗಿಲ್ಲ?'

ಆ ಸಂಜೆ ಪಟ್ಟಿಯಲ್ಲಿದ್ದದ್ದೆಲ್ಲ ಚೀಲದಲ್ಲಿತ್ತು. ಬೇಳೆಯೂ ಚೆನ್ನಾಗಿತ್ತು.

"ಇವತ್ತು ಎಲ್ಲಾ ಬರೋಬ್ಬರಿ ಬಂದಾವಲ್ಲ" ಎಂದೆ.

ಅವರು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದರು. "ಅಂಗಡ್ಯಾವನೇ ಓದ್ಯಾನ" ಎಂದರು.

ಕೇಳಿ ಕೇಳಿ ತಿಳಿದುಕೊಂಡೆ. ಅಕ್ಷರ ಸಣ್ಣವು, ಹಿಂದೆ ಜನ ನಿಂತಿರುತ್ತಾರೆ ಎಂದು ಅವರು ಆ ದಿನ ಫೋನನ್ನೇ ಅಂಗಡಿಯವನ ಕೈಗೆ ಕೊಟ್ಟರಂತೆ. ಅವನು ಒಳಗೆ ತೂಕ ಮಾಡುವ ಹೆಂಡತಿಗೆ ಕೇಳಲೆಂದು ಗಟ್ಟಿಯಾಗಿ ಓದಿದ. ಬೇಳೆಯ ಜೊತೆ ನಾನು ಬರೆದದ್ದನ್ನೂ ಅದೇ ದನಿಯಲ್ಲಿ ಓದಿಬಿಟ್ಟ. ನನ್ನ ಗಂಡ ಯಾರ ಗದ್ದೆ ಹೊಡೆಯುತ್ತಾರೋ ಆ ರೈತರೂ ಅಲ್ಲಿ ನಿಂತಿದ್ದರು.

"ನಕ್ಕರೇನ್ರೀ?"

"ನಗದ ಇರತಾರೇನು."

"ತಪ್ಪಾತು ರೀ. ನೀವೊಬ್ರೇ ಓದತೀರಿ ಅನಕೊಂಡಿದ್ದೆ."

"ನೀ ಸುಳ್ಳೇನು ಬರದಿಲ್ಲಲ್ಲ" ಎಂದು ಟವೆಲ್ಲಿಗೆ ಕೈ ಚಾಚಿದರು.

ಅವರೊಬ್ಬರೇ ಓದಿದ್ದರೆ ಕಡಿಮೆ ನೋಯುತ್ತಿತ್ತೆಂದು ನಾನು ಹೇಗೆ ಅಂದುಕೊಂಡೆ ಎಂಬುದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಮತ್ತೆ ಅವರು ಆ ಅಂಗಡಿಗೆ ಹೋಗಲಿಲ್ಲ, ಯಾವ ಅಂಗಡಿಗೂ ಹೋಗಲಿಲ್ಲ. ಆ್ಯಪ್ ತೆಗೆದುಹಾಕಿ, ಮೊದಲಿನಂತೆ ಫೋನ್ ಮಾಡಿರೆಂದು ಬೇಡಿಕೊಂಡೆ. ಹ್ಞೂಂ ಎಂದರು, ಮಾಡಲಿಲ್ಲ. ಈಗ ಸಾಮಾನನ್ನು ನಾನೇ ಲಿಂಗಸುಗೂರಿನಲ್ಲಿ ಕೊಂಡು, ಬಸ್ಸಿನಲ್ಲಿ ಕಾಲ ನಡುವೆ ಚೀಲ ಇಟ್ಟುಕೊಂಡು ಬರುತ್ತೇನೆ.

ಹೋದ ವಾರ, "ನಿಮಗೇನರ ತರಬೇಕೇನ್ರೀ?" ಎಂದು ಕೇಳಿದೆ.

"ನಿನಗ ತಿಳಿದದ್ದು ತಾ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಮಾಧಾನ ಮಾಡಬಹುದಿತ್ತು. ಈಗ ಏನು ಬಡಿಸಿದರೂ ಉಣ್ಣುತ್ತಾರೆ, ಉಪ್ಪು ಹೆಚ್ಚಾದರೂ ಹೇಳುವುದಿಲ್ಲ.