ನಲವತ್ತರ ಅಂಗಿ ಯಾಕೆ ಉಳಿಯಿತು

ಆಷಾಢ ಬಂತೆಂದರೆ ನಮ್ಮ ಕಡೆ ಮದುವೆಗಳು ನಿಲ್ಲುತ್ತವೆ, ಬಟ್ಟೆ ಅಂಗಡಿಗಳ ಮುಂದೆ ರಿಯಾಯಿತಿಯ ಬ್ಯಾನರ್‌ಗಳು ಏಳುತ್ತವೆ. ಹರಪನಹಳ್ಳಿಯ ಮನೆಯ ಮುಂದಿನ ಕೋಣೆಯಲ್ಲೇ ಕೂತು ಆನ್‌ಲೈನಿನಲ್ಲಿ ಗಂಡಸರ ಅಂಗಿ ಮಾರುವ ನಾವೂ ಅದಕ್ಕೆ ಹೊರತಲ್ಲ. ನಾವು ಅಂದರೆ ನಾನು, ನನ್ನ ಗಂಡ, ಮತ್ತು ಕೊಟ್ಟೂರಿನಲ್ಲಿದ್ದುಕೊಂಡು ನಾವು ಒಯ್ದುಕೊಟ್ಟ ಬಟ್ಟೆಯಲ್ಲಿ ಅಂಗಿ ಹೊಲಿದು ಕಳಿಸುವ ನನ್ನ ಸೋದರಮಾವ. ನನಗೆ ಕತ್ತರಿ ಹಿಡಿಯುವುದನ್ನು ಕಲಿಸಿದವರೂ ಅವರೇ.

ಎಷ್ಟು ದರ ಇಳಿಸಬೇಕು ಅನ್ನುವುದಕ್ಕೆ ದೊಡ್ಡ ಶಾಸ್ತ್ರವೇನೂ ಇಲ್ಲ. ಕಪಾಟಿನ ಮುಂದೆ ನಿಂತು ಏನು ಉಳಿದಿದೆ, ಎಷ್ಟು ದಿನದಿಂದ ಉಳಿದಿದೆ ಎಂದು ನೋಡಬೇಕು, ಅಷ್ಟೇ. ಸಾಮಾನ್ಯವಾಗಿ ಉಳಿಯುವುದು ತುದಿಯ ಸೈಜುಗಳು: ತೀರಾ ತೆಳ್ಳಗಿನವರದು, ತೀರಾ ದಪ್ಪಗಿನವರದು. ಅವುಗಳ ದರ ಚೆನ್ನಾಗಿ ಇಳಿಸಿ, ಉಳಿದವಕ್ಕೆ ಹೆಸರಿಗಿಷ್ಟು ಇಳಿಸಿದರೆ ಸೀಸನ್ ಮುಗಿಯುತ್ತದೆ. ಯಾರ ಕಣ್ಣಿಗೂ ಹಿಡಿಸದ ಬಣ್ಣವಿದ್ದರೆ ಮಾತ್ರ ಅರ್ಧ ದರ. ಮೊದಲು ದರ ಏರಿಸಿ, ಆಮೇಲೆ ಇಳಿಸಿದಂತೆ ತೋರಿಸುವವರೂ ಇದ್ದಾರೆ. ನನಗೆ ಆ ನಾಟಕ ಕಂಡರೆ ಮೈ ಉರಿಯುತ್ತದೆ.

ಆದರೆ ಒಂದು ಆಷಾಢದಲ್ಲಿ ಉಳಿದದ್ದು ನಡುವಿನ ಸೈಜುಗಳು. ನಲವತ್ತು, ನಲವತ್ತೆರಡು. ಎಲ್ಲಕ್ಕಿಂತ ಮೊದಲು ಖಾಲಿಯಾಗಬೇಕಾದವು. ಮಾರಾಟವಾಗಿಲ್ಲ ಅಂತಲ್ಲ, ಹೋದ ದಾರಿಯಲ್ಲೇ ವಾಪಸ್ ಬರುತ್ತಿದ್ದವು.

“ಎಲ್ಲಾ ಅರ್ಧ ದರಕ್ಕ ಒಗದು ಕೈ ತೊಳಕೊಳ್ಳೋಣ” ಅಂದರು ನನ್ನ ಗಂಡ. “ಮುಂದಿನ ಸಲದಿಂದ ಹೊರಗಿನ ರೆಡಿಮೇಡ್ ಮಾಲು ತರಸೋಣ. ಮಾಮಾಗ ನೀನ ಹೇಳು.”

“ಒಗಿಯಾಕ ಅದೇನ್ ಹಳಸಿದ ಅನ್ನ ಏನ್ರಿ? ನಾ ಹೇಳಂಗಿಲ್ಲ!” ಎಂದು ಕೂಗಾಡಿದೆ. ಅವರು ಫೋನ್ ತೆಗೆದು ‘ಎಲ್ಲಾ ಅಂಗಿ ಅರ್ಧ ದರ’ ಅಂತ ಒಂದು ಪೋಸ್ಟರ್ ಮಾಡಿ, ನಾನು ನೋಡಲೆಂದು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದರು.

ಕೂಗಾಡಿದೆನೇ ಹೊರತು ನನಗೂ ಬೇರೆ ದಾರಿ ಕಾಣಲಿಲ್ಲ. ಮಾವನ ಹತ್ತಿರ ಈಗ ಹೊಲಿಸಲು ಬಟ್ಟೆ ತರುವವರು ಬೇರೆ ಯಾರೂ ಇಲ್ಲ. ನಮ್ಮ ಕೆಲಸ ನಿಂತರೆ ಅವರ ಮಷೀನೂ ನಿಂತಂತೆ. ಅದನ್ನು ನಾನು ಯಾವ ಬಾಯಿಂದ ಹೇಳಲಿ?

ಮರುದಿನ ವಾಪಸ್ ಬಂದ ಅಂಗಿಗಳನ್ನೆಲ್ಲ ಹರವಿಕೊಂಡು ನೆಲದ ಮೇಲೆ ಕೂತೆ. ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗೆ ಕಳಿಸಿದ ಒಂದು ಅಂಗಿಯೂ ಅದರಲ್ಲಿರಲಿಲ್ಲ. ಬಂದವೆಲ್ಲ ದೂರದ ದೊಡ್ಡ ಊರುಗಳಿಂದ. ಎಲ್ಲರೂ ಕೊಟ್ಟ ಕಾರಣ ಒಂದೇ: ಸಡಿಲ. ಟೇಪು ಹಿಡಿದೆ. ಎದೆಯ ಸುತ್ತ ನಮ್ಮ ಅಳತೆಗಿಂತ ಎರಡು ಇಂಚು ಜಾಸ್ತಿ. ಇನ್ನೊಂದು ಅಳೆದೆ, ಮತ್ತೊಂದು ಅಳೆದೆ. ಎಲ್ಲವೂ ಅಷ್ಟೇ.

ನಲವತ್ತರ ಅಳತೆಯ ನನ್ನ ಗಂಡನನ್ನು ಎಳೆದು ತಂದು ತೊಡಿಸಿದೆ. ಗೋಣಿಚೀಲದ ಹಾಗೆ ಜೋತುಬಿತ್ತು.

“ಛಲೋ ಐತಲ್ಲ, ಗಾಳಿ ಆಡತೈತಿ” ಅಂದರು.

ಅಲ್ಲಿಗೆ ಗುಟ್ಟು ರಟ್ಟಾಯಿತು! ನಮ್ಮ ಕಡೆಯವರಿಗೆ ಅದು ಸಡಿಲ ಅನ್ನಿಸಿಯೇ ಇರಲಿಲ್ಲ. ಬಟ್ಟೆ ಕೆಟ್ಟಿರಲಿಲ್ಲ, ಹೊಲಿಗೆ ಕೆಟ್ಟಿರಲಿಲ್ಲ, ಕಾಲರಿನ ಮೇಲಿನ ನಂಬರೊಂದು ತಪ್ಪಿತ್ತು. ಅರ್ಧ ದರದ ಮಾತು ಅಲ್ಲೇ ಬಿಟ್ಟೆವು. ನಲವತ್ತಕ್ಕೆ ನಲವತ್ತೆರಡರ ಚೀಟಿ, ನಲವತ್ತೆರಡಕ್ಕೆ ನಲವತ್ತನಾಲ್ಕರ ಚೀಟಿ, ಹೀಗೆ ಎಲ್ಲವನ್ನೂ ಬದಲಿಸಿ, ದರ ಒಂದಿಷ್ಟೇ ಇಳಿಸಿದೆವು. ಹತ್ತು ದಿನಕ್ಕೆ ಕಪಾಟಿನ ನಡುವಿನ ಸಾಲು ಖಾಲಿ. ವಾಪಸ್ ಬಂದದ್ದು ಒಂದೇ ಒಂದು. ಅಬ್ಬಾ, ಎಷ್ಟು ಹಗುರವಾಯಿತು ಜೀವ!

ಉಳಿದದ್ದು ಎರಡು ಇಂಚಿನ ವಿಷಯವನ್ನು ಮಾವನಿಗೆ ಹೇಳುವುದು. ಅಳತೆಯ ತಂಟೆಗೆ ಹೋದರೆ ಅವರು ಸಿಡುಕುತ್ತಾರೆ. ಇವತ್ತು ಫೋನ್ ಮಾಡೋಣ, ನಾಳೆ ಮಾಡೋಣ ಎಂದು ತಳ್ಳಿ ತಳ್ಳಿ, ಕೊನೆಗೆ ಕೊಟ್ಟೂರಿನ ಬಸ್ಸು ಹತ್ತಿದೆ.

ಮಷೀನಿಗೆ ಬಟ್ಟೆ ಹೊದಿಸಿತ್ತು. ಕತ್ತರಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಗೋಡೆಯ ಮಾಡಿನಲ್ಲಿ ಇಟ್ಟಿದ್ದರು. ನಾನು ಕೂರುವ ಮೊದಲೇ ಮಾವ ಮಾತು ತೆಗೆದರು.

“ಹೇಳಾಕ ಹಿಂಜರೀಬ್ಯಾಡ ಯವ್ವಾ. ಗ್ರೂಪಿನ್ಯಾಗ ನೋಡೀನಿ. ಎಲ್ಲಾ ಅರ್ಧ ದರಕ್ಕ ಹಾಕೀರಿ ಅಂದ್ರ ನನ್ನ ಹೊಲಿಗಿ ಕೆಟ್ಟೈತಿ ಅಂತಾನ ಅರ್ಥ. ಇರ್ಲಿ ಬಿಡು, ಕಣ್ಣೂ ಮೊದಲಿನಂಗ ಇಲ್ಲ.”

ಆ ಪೋಸ್ಟರ್! ಆ ಗ್ರೂಪಿನಲ್ಲಿ ಮಾವನೂ ಇದ್ದಾರೆ ಅನ್ನುವುದೇ ನಮಗೆ ಹೊಳೆದಿರಲಿಲ್ಲ. ಅಷ್ಟೂ ದಿನ ಈ ಮನುಷ್ಯ ಒಬ್ಬರೇ ಇದನ್ನು ನುಂಗಿಕೊಂಡು ಕೂತಿದ್ದರು. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

“ಅದನ್ನ ಹೊರಗ ಹಾಕೇ ಇಲ್ಲ ಮಾಮಾ! ಎಲ್ಲಾ ಮಾರಿದ್ವಿ!” ಎಂದು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಎರಡು ಇಂಚಿನ ಮಾತು ಬಂದದ್ದೇ ಮಾವ ಸೆಟೆದು ಕೂತರು. “ತಪ್ಪಲ್ಲ ಅದು, ಬೇಕಂತ ಬಿಟ್ಟೀನಿ! ಮದಿವಿ ಊಟಕ್ಕ ಕುಂತಾಗ ಗುಂಡಿ ಕಿತ್ತು ಹೋಳಿಗಿ ಮ್ಯಾಲ ಬೀಳಬೇಕೇನು?”

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಎಲ್ಲವೂ ನಗುವಿನ ನೀರಾಗಿರಲಿಲ್ಲ. “ಆ ಊರವರು ಹೋಳಿಗಿ ಅಷ್ಟು ತಿನ್ನಂಗಿಲ್ಲ ಮಾಮಾ. ಮುಂದಿನ ಕಟಿಂಗಿಗೆ ಎರಡು ಇಂಚು ಬಿಡಬ್ಯಾಡ್ರಿ.”

“ಮುಂದಿನ ಕಟಿಂಗಾ?”

“ಹೂನ್ರಿ. ಶ್ರಾವಣಕ್ಕ ಬೇಕು.”

ಮಾವ ಎದ್ದು ಕತ್ತರಿ ಇಳಿಸಿ, ಪೇಪರ್ ಬಿಚ್ಚಿ, ಪಂಚೆಯ ತುದಿಯಿಂದ ಒರೆಸಿದರು. ತಿರುಗಿ ನನ್ನ ಕೈ ನೋಡಿದರು.

“ಅಲ್ಲಾ, ಶ್ರಾವಣಕ್ಕ ಎಷ್ಟು ದಿನ ಉಳದಾವು? ಬರಿಗೈಯಾಗ ಬಂದು ಕುಂತೀಯಲ್ಲ, ಬಟ್ಟಿ ಎಲ್ಲೈತಿ?”