ದಿಂಡಿಗಲ್ ಕೋರ್ಟಿನಲ್ಲಿ ಹಾಸಿದ ಕಂಬಳಿ

ಆ ದಿನವೂ ಬೆಳಗಿನ ಮೊದಲ ಕೆಲಸ ನೀರು ಸೇದುವುದೇ. ದಿಂಡಿಗಲ್ಲಿನ ನಮ್ಮ ಮನೆಯ ಹಿತ್ತಲಿನಲ್ಲಿ ಬಾವಿಯಿತ್ತು. ರಾಟೆ ಕಿರುಗುಟ್ಟಿದ ಕೂಡಲೇ ಪಕ್ಕದ ಮನೆಯಾಕೆ ಎದ್ದು ಕೆಮ್ಮುವಳು. ಆಮೇಲೆ ಚುಟ್ಟಾ ಸುತ್ತುವವರ ಕೊಟ್ಟಿಗೆಯಿಂದ ಹೊಗೆಸೊಪ್ಪಿನ ಘಾಟು ಗೋಡೆ ದಾಟಿ ಬರುವುದು. ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಎಳೆದು, ಯಜಮಾನರ ಕಪ್ಪು ಕೋಟು ನೋಡಿದೆ. ಕೊರಳ ಬಳಿಯ ಗುಂಡಿ ಸಡಿಲವಾಗಿತ್ತು. ಹೊಲಿದು ದಾರವನ್ನು ಹಲ್ಲಿನಿಂದ ಕಡಿದೆ. ನಾನು ಓದಿದ ಕಾನ್ವೆಂಟಿನ ಮದರ್ ಕಂಡಿದ್ದರೆ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು.

ಆಮೇಲೆ ಪೆಟ್ಟಿಗೆಯಿಂದ ಕಂಬಳಿ ತೆಗೆದು ಬಿಸಿಲಿಗೆ ಹಿಡಿದೆ. ನನ್ನ ತಾಯಿ ಧಾರೆಗೆ ಕೂತ ಕರಿಯ ಕಂಬಳಿ ಅದು, ನಾನೂ ಅದರ ಮೇಲೇ ಕೂತವಳು. ಹುಳು ತಿಂದ ಅಂಚಿಗೆ ಕಾನ್ವೆಂಟಿನಲ್ಲಿ ಕಲಿತ ಹೊಲಿಗೆ ಹಾಕಿದ್ದೆ. ಅದು ಇಂದು ಕೋರ್ಟಿಗೆ ಹೋಗಬೇಕಿತ್ತು.

ಯಜಮಾನರು ಸರ್ಕಾರದ ಪರ ವಾದಿಸುವ ವಕೀಲರು. ಕಂಬಂ ಕಣಿವೆಯ ನನ್ನ ತವರೂರಿನಲ್ಲಿ ಸರ್ಕಾರ ಒಂದು ಬಾವಿ ತೋಡಿಸಿತ್ತು. ಯಾವ ಜಾತಿಯವರೂ ಸೇದಬಹುದೆಂದು ಕಲ್ಲಿನಲ್ಲಿ ಕೆತ್ತಿಸಿಯೂ ಇತ್ತು. ಊರ ಹೊರಗಿನ ಕೇರಿಯ ಒಬ್ಬ ಹೆಂಗಸು ಆ ಮಾತನ್ನು ನಂಬಿ ಕೊಡ ತೆಗೆದುಕೊಂಡು ಹೋದಳು. ಊರ ಗೌಡನ ತಮ್ಮ ಅವಳ ಕೊಡ ಒಡೆದ, ಬಲಗೈಯನ್ನೂ ಮುರಿದ. ಗೌಡನೂ ಅವನ ತಮ್ಮನೂ ನಮ್ಮವರೇ, ಕನ್ನಡ ಮಾತಾಡುವ ಒಕ್ಕಲಿನವರು. ಊರಲ್ಲಿ ಯಾರೂ ಬಾಯಿ ಬಿಡುವುದಿಲ್ಲವೆಂದು ಮೊಕದ್ದಮೆಯನ್ನು ದಿಂಡಿಗಲ್ಲಿಗೆ ತಂದಿದ್ದರು. ಆ ತಮ್ಮನಿಗೆ ಶಿಕ್ಷೆಯಾದರೆ ಕೇರಿಗೆ ಬಾವಿ. ಆಗದಿದ್ದರೆ ಮೊದಲಿನಂತೆ ದೂರದ ಹೊಳೆ, ಅದೂ ಒಂದೇ ಕೈಯಲ್ಲಿ.

ಕಣ್ಣಾರೆ ಕಂಡವನು ನನ್ನ ಸೋದರಮಾವ. ಹಬ್ಬಕ್ಕೆ ನಮ್ಮ ಮನೆಗೆ ಬಂದಾಗ ಊಟವಾದ ಮೇಲೆ ತಾನೇ ಹೇಳಿದ್ದ. ಕೋರ್ಟಿನ ಆಣೆ ಅವನ ಪಾಲಿಗೆ ನಾಲಿಗೆಯ ತುದಿಯ ಮಾತು ಎಂಬುದು ಯಜಮಾನರಿಗೆ ಗೊತ್ತಿತ್ತು. ಆದರೆ ನಮ್ಮ ಜನ ನ್ಯಾಯಕ್ಕೆ ಸೇರಿದಾಗ ಕಂಬಳಿ ಹಾಸಿ, ಅರಿಸಿನದ ನೀರಿನ ಚೊಂಬಿಟ್ಟು, ಬೇವಿನ ಸೊಪ್ಪು ಇಡುತ್ತಾರೆ. ಅದರ ಮೇಲೆ ಕೂತು ಸುಳ್ಳಾಡಿದವನ ಮನೆಯಲ್ಲಿ ದೀಪ ಉಳಿಯುವುದಿಲ್ಲ. ಯಜಮಾನರು ಕೇಳಿಕೊಂಡಾಗ ಆ ರೀತಿಯ ಆಣೆಗೆ ನ್ಯಾಯಾಧೀಶರಾದ ಬಿಳಿಯ ದೊರೆ ಕುತೂಹಲದಿಂದ ಒಪ್ಪಿದ್ದರು.

ಮಾವ ಹಿಂದಿನ ದಿನವೇ ಗಾಡಿಯಲ್ಲಿ ಬಂದು ಛತ್ರದಲ್ಲಿ ಇಳಿದಿದ್ದ. ಬೆಳಗ್ಗೆ ನೇರವಾಗಿ ನಮ್ಮ ಅಡುಗೆಮನೆಗೇ ಬಂದ.

“ಸಾಕ್ಷಿ ಹೇಳುವವರು ನಮ್ಮ ಮನೆಯಲ್ಲಿ ಉಣ್ಣಬಾರದು, ಮಾವ,” ಎಂದರು ಯಜಮಾನರು.

“ಕೋರ್ಟು ಕೂಗಿದ ಮ್ಯಾಲೆ ಸಾಕ್ಸಿ, ಮಾಪ್ಳೆ. ಅಲ್ಲೀಗಂಟ ಹಸಿದ ಮನ್ಸ. ಕಣ್ಣು, ಇನ್ನೊಂದು ಕಳಿ ಉಂಡೆ ಹಾಕು,” ಎಂದು ಅಳಿಯನಿಗೆ ಹೇಳಿ, ರಾಗಿ ಮುದ್ದೆಗಾಗಿ ನನ್ನ ಕಡೆ ತಟ್ಟೆ ಚಾಚಿದ. ಮುದ್ದು ಬಂದಾಗ ನನ್ನನ್ನು ತಮಿಳರಂತೆ ‘ಕಣ್ಣು’ ಎಂದೇ ಕರೆಯುತ್ತಿದ್ದ.

ಅದೇ ಹೊತ್ತಿಗೆ ಆ ಹೆಂಗಸು ಬಂದು ಹೊರಗಿನ ನುಗ್ಗೆಮರದ ಕೆಳಗೆ ಕೂತಿದ್ದಳು. ಮುರಿದ ಕೈಗೆ ಬಿದಿರಿನ ಸೀಳು ಕಟ್ಟಿತ್ತು, ಬೆರಳುಗಳು ಕಂದಿದ್ದವು. ನೀರು ಕೇಳಿದಳು. ಮೇಲಿಂದ ಹೊಯ್ದರೆ ಬೊಗಸೆಯಲ್ಲಿ ಕುಡಿಯುವುದು ಅವರ ಅಭ್ಯಾಸ. ಬೊಗಸೆಗೆ ಎರಡು ಕೈ ಬೇಕು. ಚೊಂಬನ್ನೇ ಮುಂದೆ ಮಾಡಿದೆ. ಅವಳು ಮುಟ್ಟಲಿಲ್ಲ.

“ಬ್ಯಾಡ ತಾಯಿ. ನಿಧಾನಕ್ಕೆ ಹುಯ್ಯಿ, ಒಂದು ಕೈಯಾಗೇ ಕುಡೀತೀನಿ.”

ಹೊಯ್ದೆ. ಮುಕ್ಕಾಲು ನೀರು ಮೊಣಕೈಯಿಂದ ಸೀರೆಗೆ ಇಳಿಯಿತು.

ಕೋರ್ಟಿನಲ್ಲಿ ನಡೆದದ್ದನ್ನು ನಾನು ಕಾಣಲಿಲ್ಲ. ಹೊತ್ತು ಇಳಿಯುವ ಮೊದಲೇ ಯಜಮಾನರು ಬಂದು, ಕೋಟನ್ನೂ ತೆಗೆಯದೆ ಜಗಲಿಯ ಮೇಲೆ ಕೂತು ಹೇಳಿದರು. ನೆಲಕ್ಕೆ ಕಂಬಳಿ ಹಾಸಿದಾಗ ಮಾವ ಅಂಚಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, “ಇದು ನಮ್ಮಕ್ಕಂದು,” ಅಂದನಂತೆ. ಕೆರ ಬಿಟ್ಟು, ಪಂಚೆ ಸರಿ ಮಾಡಿಕೊಂಡು ಕೂತನಂತೆ. ಕೈ ಮುರಿದವನು ಯಾರೆಂದು ಕೇಳಿದರು. ಮಾತಿಲ್ಲ. ನೀನು ಅಲ್ಲಿದ್ದೆಯಾ? ಮಾತಿಲ್ಲ. ದೊರೆ ತಾವೇ ತಮಿಳಿನಲ್ಲಿ ಕೇಳಿದರು. ಮಾವ ಚೊಂಬಿನ ನೀರನ್ನೇ ನೋಡುತ್ತ ಕೂತಿದ್ದ. ಅವಳು ಕಾಲು ಜಾರಿ ಬಿದ್ದಳೆಂದು ಹೇಳಲು ಗೌಡನ ಕಡೆಯವರು ಸಾಲಾಗಿ ನಿಂತಿದ್ದರು. ಹೆಂಗಸೊಬ್ಬಳ ಮಾತು ಸಾಲದೆಂದು ದೊರೆ ಗೌಡನ ತಮ್ಮನಿಗೆ ಬಿಡುಗಡೆ ಬರೆದರು.

ಕಾನ್ವೆಂಟಿನಲ್ಲಿ ಮೌನವನ್ನು ನಮಗೆ ದೊಡ್ಡ ಗುಣವೆಂದು ಕಲಿಸಿದ್ದರು. ಅದಕ್ಕೆ ಒಂದು ಕೆಂಪು ಪಟ್ಟಿಯ ಬಹುಮಾನವೂ ಇತ್ತು.

ಅಷ್ಟರಲ್ಲಿ ಮಾವ ಕಂಬಳಿಯನ್ನು ಜವಾನನ ಕೈಗೆ ಕೊಡದೆ ತಾನೇ ಮಡಿಸಿ ಹೆಗಲ ಮೇಲೆ ಹೊತ್ತು ತಂದ.

“ಕಂಬಳಿ ಮೇಲೆ ಸುಳ್ಳಾಡೋ ಹಾಗಿಲ್ಲ ಅಂತ ನೀವೇ ಹೇಳಿದ್ರಲ್ಲ,” ಎಂದರು ಯಜಮಾನರು.

“ಆಡ್ಲಿಲ್ವೇ?”

“ನಿಜಾನೂ ಆಡ್ಲಿಲ್ಲ.”

“ನಿಜ ಹೇಳು ಅಂತ ಕಂಬ್ಳಿ ಯಾವತ್ತು ಕೇಳೈತೆ, ಮಾಪ್ಳೆ? ಸುಳ್ಳು ಬ್ಯಾಡ ಅಂತದೆ, ಅಷ್ಟೇಯ. ಬರೀ ಕೋರ್ಟಾಗಿದ್ರೆ ಕಾಣೆ ಅಂತ ಹೇಳಿ ಉಣ್ಣಕ್ಕೆ ಬಂದುಬುಡ್ತಿದ್ದೆ. ನೀನು ಪಟ್ಣದಾಗೆ ಹುಟ್ಟಿ ಬುಕ್ಕು ಓದಿದೋನು. ನಾನು ನಾಳೆ ಆ ಗೌಡನ ಬೇಲಿ ಪಕ್ಕದಾಗೇ ಏರು ಕಟ್ಬೇಕು.”

ಯಜಮಾನರು ಗುಂಡಿ ಬಿಚ್ಚತೊಡಗಿದರು.

ನುಗ್ಗೆಮರದ ಕೆಳಗೆ ಆ ಹೆಂಗಸು ತನ್ನ ಗಂಟು ತೆಗೆದುಕೊಳ್ಳಲು ಬಂದಿದ್ದಳು. ಮಾವ ಹೊರಟಾಗ ಅಭ್ಯಾಸದಂತೆ ಎದ್ದು ದಾರಿ ಬಿಟ್ಟು ನಿಂತಳು. ಅವನು ದಾಟಿದ ಮೇಲೆ ಅಂದಳು:

“ಸಾಮಿ, ಆವತ್ತು ನೀವು ‘ಬಿಡ್ರೋ ಅವಳ್ನ’ ಅಂದ್ರಿ. ನಂಗೆ ಕೇಳಿಸ್ತು.”

ಮಾವ ನಿಂತ. ಆಗ ಅವನ ಕಾಲ ಕೆಳಗೆ ಯಾವ ಕಂಬಳಿಯೂ ಇರಲಿಲ್ಲ. ತುಟಿ ಅಲುಗಿತು. ಆಮೇಲೆ ಮೇಲುವಸ್ತ್ರ ಕೊಡವಿ ಛತ್ರದ ಕಡೆಗೆ ನಡೆದುಬಿಟ್ಟ.

ಅವಳು ಗಂಟಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಿಂದ ಬಿಗಿದಳು. ಕಣಿವೆಗೆ ಇರುವುದು ಒಂದೇ ದಾರಿ. ಗೌಡನ ಗಾಡಿಗಳು ಗಂಟೆ ಸದ್ದು ಮಾಡುತ್ತ ಅದೇ ದಾರಿಯಲ್ಲಿ ಆಗಲೇ ಹೊರಟಿದ್ದವು. ಇವತ್ತು ಇಲ್ಲೇ ಇರು ಅಂದೆ. ಮಗಳೊಬ್ಬಳೇ ಹೊಳೆಗೆ ಹೋಗುತ್ತಾಳೆ ಅಂದಳು, ಹೋದಳು.

ಕಂಬಳಿಯ ನಡುವೆ ಜವಾನನ ಬೂಟಿನ ಗುರುತಿತ್ತು, ಅರಿಸಿನದ ನೀರು ಚೆಲ್ಲಿದ ಕಲೆಯೂ ಇತ್ತು. ಸಂಜೆ ಅದನ್ನು ಬಾವಿಯ ಕಲ್ಲಿನ ಮೇಲೆ ಹಾಕಿ ತುಳಿದೆ. ಎಷ್ಟು ಸೇದಿ ಹೊಯ್ದರೂ ಉಣ್ಣೆ ಹೀರುತ್ತಲೇ ಇತ್ತು. ಹಿಂಡಿದರೆ ಹಳದಿ ನೀರು ಬರುತ್ತಿತ್ತು. ಪಕ್ಕದ ಮನೆಯಾಕೆ ಗೋಡೆಯ ಮೇಲೆ ಮೊಣಕೈ ಊರಿ ನೋಡುತ್ತಿದ್ದಳು.

“ಈ ಹೊತ್ತಲ್ಲಿ ಕಂಬ್ಳಿ ತೊಳೀತಿದ್ದೀರಾ, ಅಕ್ಕಾ? ಹಳೇ ಉಣ್ಣೆ, ಎಷ್ಟು ಹುಯ್ದ್ರೂ ಕುಡೀತದೆ,” ಎಂದು ಎಲೆಯಡಿಕೆ ಉಗುಳಿ ಒಳಗೆ ತಿರುಗಿದಳು. “ನಿಮಗೇನು ಬಿಡಿ. ಹಿತ್ತಲಲ್ಲೇ ಬಾವಿ, ಯಾರನ್ನ ಕೇಳ್ಬೇಕು?”