ಚೆನ್ನಾಗಿದ್ದೀನಿ ಅನ್ನುವವರ ಬೆಂಚಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗವಿಕಲರ ಮಾಸಾಶನ ಮಂಜೂರು ಮಾಡುವ ಕಛೇರಿಯ ವರಾಂಡದಲ್ಲಿ ಒಬ್ಬ ಹೆಂಗಸು ಬಗ್ಗಿ ಮರದ ಬೆಂಚನ್ನು ಒರೆಸುತ್ತಿದ್ದಾಳೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಬೆಂಚಿನ ಒಂದು ಕಾಲು ಗಿಡ್ಡ. ಅದರ ಅಡಿಗೆ ಕೊಟ್ಟ ಹೆಂಚಿನ ಚೂರು ಜಾರಿದೆಯೇ ಎಂದು ಕಾಲಬೆರಳಿನಿಂದಲೇ ಮುಟ್ಟಿ ನೋಡುತ್ತಾಳೆ. ಹಲ್ಲುಜ್ಜುತ್ತಾ ನಿಂತ ಕಾವಲುಗಾರ ದಿನದಂತೆ ಇಂದೂ ಕೆಣಕುತ್ತಾನೆ.

“ಏನ್ ಬೆಂಚಮ್ಮ, ನಿಮ್ಮ ಕಛೇರಿ ಬಾಗಿಲು ತೆಗೀತಾ?”

“ನಿಮ್ಮದರ ಹಾಗೆ ಹೊತ್ತು ನೆತ್ತಿಗೆ ಬಂದ ಮೇಲೆ ತೆಗೆಯೋದಲ್ಲಪ್ಪ ಇದು. ಬಾಯಿ ತೊಳ್ಕೊಂಡು ಬಾ, ನೊರೆ ಉಗುಳಬೇಡ ಇಲ್ಲಿ.”

ಬೆಂಚನ್ನು ಇಷ್ಟು ಒರೆಸುವುದೇಕೆಂದು ಕೇಳಿದರೆ ಕಾರಣ ಹೇಳುತ್ತಾಳೆ: “ಬಟ್ಟೆಗೆ ಧೂಳಾದ್ರೆ ಒಳಗೆ ಹೋಗಿ ಅದನ್ನೇ ನೋಡ್ಕೊಂಡು ಕೂರ್ತಾರೆ. ಬಾಯಿ ಬಿಡೋದಿಲ್ಲ. ಒಳಗೆ ಸಿಗೋದು ಸ್ವಲ್ಪ ಹೊತ್ತು.”

ಬೆಂಚಮ್ಮ ಸರ್ಕಾರದ ನೌಕರಳಲ್ಲ. ವಯಸ್ಸು ಅರವತ್ತೈದು ದಾಟಿದೆ. ಬಹಳ ವರ್ಷ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವಳು. ಮಲಗಿದವರ ಮೈ ಒರೆಸಿ, ತಲೆ ಬಾಚಿ, ಅಂಗಿ ತೊಡಿಸಿ ಸವೆದ ಕೈ. ಕೆಲಸ ಬಿಟ್ಟ ಮೇಲೆ ಈ ಬೆಂಚು ಹಿಡಿದಿದ್ದಾಳೆ. ಅರ್ಜಿ ಬರೆದುಕೊಡುವವರು ಗೇಟಿನಾಚೆ ಬೇರೆ ಇದ್ದಾರೆ. ಅರ್ಜಿಯಲ್ಲಿ ಬರೆದದ್ದನ್ನು ಒಳಗೆ ಪರೀಕ್ಷೆ ಮಾಡುವ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳುವಂತೆ ಮಾಡುವುದು ಇವಳ ಪಾಲಿನ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಮಂದಿ ಪಕ್ಕದಲ್ಲಿ ಕೂತು ಏಳುತ್ತಾರೆ. ಕಾಸು ಕೊಡಲು ಬಂದವರ ಕೈಯನ್ನು ಮಡಿಸಿ ಹಿಂದಕ್ಕೆ ಕಳಿಸುತ್ತಾಳೆ. ಚಹಾ ಕೊಡಿಸಿದರೆ ಬೇಡ ಎನ್ನುವುದಿಲ್ಲ.

ಇಲ್ಲಿಗೆ ಬರುವವರೆಲ್ಲ ಒಂದೇ ತಪ್ಪು ಮಾಡುತ್ತಾರೆ. ದೊಡ್ಡವರ ಎದುರಿಗೆ ಹೋಗುವುದು ತಾನೇ ಎಂದು ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ನೋವು ಕಾಣದ ಹಾಗೆ ಮೈಯನ್ನು ಬಿಗಿಹಿಡಿದು ಬರುತ್ತಾರೆ. ಒಳಗೆ ಡಾಕ್ಟರು ತಲೆಯೆತ್ತಿ “ಹೇಗಿದ್ದೀರಿ?” ಎನ್ನುತ್ತಾರೆ. ಹುಟ್ಟಿದಾಗಿನಿಂದ ಕಲಿತ ಮರ್ಯಾದೆ ಥಟ್ಟನೆ ಉತ್ತರ ಕೊಡುತ್ತದೆ: “ಚೆನ್ನಾಗಿದ್ದೀನಿ.” ಅಲ್ಲಿಗೆ ಮುಗಿಯಿತು. ಹೊರಗೆ ಸರತಿ ಉದ್ದವಿದೆ. ಡಾಕ್ಟರಿಗೂ ಇರುವುದು ಎರಡೇ ಕಣ್ಣು.

ಅದಕ್ಕೇ ಬೆಂಚಮ್ಮ ಯಾರನ್ನೂ ಹೇಗಿದ್ದೀರಿ ಎಂದು ಕೇಳುವುದಿಲ್ಲ. “ಬೆಳಿಗ್ಗೆ ಎದ್ದಾಗಿಂದ ಹೇಳು” ಎನ್ನುತ್ತಾಳೆ. ಹೊದಿಕೆ ತೆಗೆದವರು ಯಾರು? ನಲ್ಲಿ ತಿರುಗಿಸಿದವರು ಯಾರು? ಚಪ್ಪಲಿ ಯಾರು ಹಾಕಿದರು? ಜೊತೆಯಲ್ಲಿ ಬಂದವರನ್ನು ಕೈಕಟ್ಟಿ ಕೂರಿಸುತ್ತಾಳೆ. “ನೀವು ಎಲ್ಲಾನೂ ಮುಚ್ಚಿ ಸರಿಮಾಡಿ ತಂದು ನಿಲ್ಲಿಸಿದ್ರೆ ಡಾಕ್ಟರಿಗೇನು ಕನಸು ಬೀಳುತ್ತಾ?” ಎಂದು ಗದರುತ್ತಾಳೆ. ನಾಚಿ ಸುಮ್ಮನಾದವರಿಗೆ ಹೇಳಲು ಅವಳ ಬಳಿ ಒಂದು ಮಾತಿದೆ. “ದೇವರ ಮುಂದೆ ಕೂತು ಕಷ್ಟ ಎಲ್ಲ ತೋಡ್ಕೊಳ್ತೀವಿ. ಅವನಿಗೆ ಮೊದಲೇ ಗೊತ್ತು. ಡಾಕ್ಟರಿಗೆ ಗೊತ್ತಿಲ್ಲ. ಹೇಳಬೇಕಾದ್ದು ಯಾರಿಗೆ, ನೀನೇ ಯೋಚನೆ ಮಾಡು.”

ಸುಳ್ಳು ಮಾತ್ರ ನಡೆಯದು. ಒಮ್ಮೆ ಒಬ್ಬ ಗಟ್ಟಿಮುಟ್ಟಾದ ಆಸಾಮಿ ಕುಂಟುತ್ತಾ ಬಂದು ಪಕ್ಕದಲ್ಲಿ ಕೂತನಂತೆ. “ಗೇಟಿನ ಹತ್ತಿರ ಎಡಗಾಲು ಕುಂಟ್ತಿತ್ತು, ಇಲ್ಲಿಗೆ ಬರೋ ಹೊತ್ತಿಗೆ ಬಲಗಾಲಿಗೆ ಬಂದಿದೆ. ಮನೆಗೆ ಹೋಗಪ್ಪ, ದಾರೀಲಿ ಎರಡೂ ವಾಸಿಯಾಗುತ್ತೆ” ಎಂದು ಕೈಮುಗಿದು ಕಳಿಸಿದಳು. ಕಾವಲುಗಾರ ಈ ಕಥೆಯನ್ನು ಹೊಸಬರಿಗೆಲ್ಲ ಹೇಳಿ ನಗುತ್ತಾನೆ.

ಬೆಂಚಮ್ಮನ ಗಂಡ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದವರು. ಎದೆ ಕೆಟ್ಟು, ನಾಲ್ಕು ಹೆಜ್ಜೆಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮಾಸಾಶನ ಕೇಳಿ ಡಾಕ್ಟರ ಇದೇ ಕೋಣೆಗೆ ಬಂದಿದ್ದರು. “ಡಾಕ್ಟರ ಮುಖದ ಮೇಲೆ ಕೆಮ್ಮೋದು ಅಮರ್ಯಾದೆ ಅಂತ ಒಳಗೆ ಇದ್ದಷ್ಟು ಹೊತ್ತೂ ಕೆಮ್ಮು ನುಂಗ್ಕೊಂಡು ಕೂತಿದ್ರು, ಮಹಾನುಭಾವರು. ಆಚೆ ಬಂದು ಈ ಬೆಂಚು ಹಿಡ್ಕೊಂಡು ಕೆಮ್ಮಿದ್ರು ನೋಡಿ! ಒಳಗಿದ್ದವರಿಗೆ ಕೇಳಿಸ್ಲಿಲ್ಲ, ಬಾಗಿಲು ಹಾಕಿತ್ತು.” ಅರ್ಜಿ ತಿರಸ್ಕಾರವಾಯಿತು. ಇನ್ನೊಮ್ಮೆ ಹಾಕುವ ಹೊತ್ತಿಗೆ ಅವರೇ ಇರಲಿಲ್ಲ. ಇಷ್ಟನ್ನು ಹೇಳಿ ಅವಳು ಒಣ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಕೊಟ್ಟವನು ಕರೆದುಕೊಂಡ, ಅದರ ಮೇಲೆ ಮಾತಿಲ್ಲ.

ಇಂದು ಮೊದಲು ಬಂದು ಕೂತವರು ಗಾರೆ ಕೆಲಸದ ಮೇಸ್ತ್ರಿ ಮತ್ತು ಅವನ ಹೆಂಡತಿ. ಮೇಸ್ತ್ರಿಗೆ ಗೋಡೆಗೆ ಕಟ್ಟಿದ ಸಾರುವೆಯ ಮೇಲಿಂದ ಬಿದ್ದು ಕತ್ತಿನ ನರಕ್ಕೆ ಪೆಟ್ಟಾಗಿದೆ. ಕಾಲು ನೆಟ್ಟಗಿವೆ, ಕೈ ನೋಡಲು ಚೆಂದವಾಗಿಯೇ ಇವೆ. ಆದರೆ ಎರಡೂ ಕೈಯ ಬೆರಳು ಏನನ್ನೂ ಹಿಡಿಯವು. ಹೋದ ಸಲ ನೆಟ್ಟಗೆ ನಡೆದು ಹೋಗಿ, ಕೈಗಳನ್ನು ಮಡಿಲಲ್ಲಿ ಜೋಡಿಸಿ ಕೂತು, ಚೆನ್ನಾಗಿದ್ದೀನಿ ಎಂದು ಹೇಳಿ ಬಂದಿದ್ದ. ಹಗುರ ಕೆಲಸ ಮಾಡಬಲ್ಲ ಎಂದು ಬರೆದು ಅರ್ಜಿಯನ್ನು ತಳ್ಳಿಹಾಕಿದರು. ಇಂದಿನದು ಮರುಪರಿಶೀಲನೆ. ಇದೂ ತಪ್ಪಿದರೆ ಎರಡು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಮನೆ ನಡೆಯುತ್ತಿರುವುದು ಹೆಂಡತಿಯ ಹೊಲಿಗೆ ಯಂತ್ರದ ಮೇಲೆ; ಅವಳು ಗಂಡನ ಕೈಯಾಗಿ ಓಡಾಡಿದಷ್ಟು ಹೊತ್ತು ಯಂತ್ರ ಸುಮ್ಮನಿರುತ್ತದೆ.

“ಎದ್ದಾಗಿಂದ ಹೇಳು ಮೇಸ್ತ್ರಿ.”

“ಏನಮ್ಮಾ ಹೇಳೋದು, ನಾಚ್ಕೆಗೇಡು. ನೂರಾರು ಮನೆ ಕಟ್ಟಿದ ಕೈ ಇದು.”

“ಕಟ್ಟಿದ್ದನ್ನ ಯಾರೂ ಕೆಡವಲ್ಲ ಬಿಡು. ಗುಂಡಿ ಯಾರು ಹಾಕಿದ್ರು?”

ಅವನು ಹೆಂಡತಿಯ ಕಡೆ ಕಣ್ಣು ಹೊರಳಿಸುತ್ತಾನೆ. ಒಂದೊಂದಾಗಿ ಎಲ್ಲವನ್ನೂ ಹೇಳಿಸುತ್ತಾಳೆ ಬೆಂಚಮ್ಮ. ಕೊನೆಗೆ ಹೆಂಡತಿಗೆ ತಾಕೀತು: “ಇವತ್ತು ನೀನು ಬಾಗಿಲು ತೆಗೀಬೇಡ. ಕೈ ಕಂಕುಳಲ್ಲಿ ಇಟ್ಕೊಂಡು ಇಲ್ಲೇ ಕೂರು.” ಹೇಗಿದ್ದರೂ ಬಾಗಿಲ ಮೇಲೆ ಬೋರ್ಡಿದೆ: ಅರ್ಜಿದಾರರಿಗೆ ಮಾತ್ರ ಪ್ರವೇಶ.

ಹೆಸರು ಕೂಗುತ್ತಾರೆ. ಬಾಗಿಲಿನ ಹಿಡಿ ಗುಂಡಗಿದೆ. ಮೇಸ್ತ್ರಿ ಎರಡು ಮಣಿಕಟ್ಟುಗಳ ನಡುವೆ ಅದನ್ನು ಒತ್ತಿ ತಿರುಗಿಸಿ ಒಳಗೆ ಹೋಗುತ್ತಾನೆ. “ಬಾಗಿಲು ಹಾಕಿ” ಎಂಬ ದನಿ ಬರುತ್ತದೆ. ಭುಜದಿಂದ ತಳ್ಳುತ್ತಾನೆ, ಚಿಲಕ ಕೂರದೆ ಬಾಗಿಲು ಅರ್ಧ ತೆರೆದುಕೊಂಡು ನಿಲ್ಲುತ್ತದೆ. ಬೆಂಚಿನ ಮೇಲಿಂದ ಒಳಗಿನದೆಲ್ಲ ಕಾಣುತ್ತದೆ, ಕೇಳಿಸುತ್ತದೆ.

“ಹೇಗಿದ್ದೀರಿ?”

“ಚೆನ್ನಾಗಿದ್ದೀನಿ ಸಾರ್.”

ಬೆಂಚಮ್ಮ ಹಣೆ ಚಚ್ಚಿಕೊಳ್ಳುತ್ತಾಳೆ. “ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತಲ್ಲೋ, ದೇವರೇ!”

ಡಾಕ್ಟರು ಹಳೆಯ ವರದಿಯನ್ನು ಮುಂದಕ್ಕೆ ಸರಿಸಿ, ಓದಿ ನೋಡಿ ಎನ್ನುತ್ತಾರೆ. ಮೇಸ್ತ್ರಿ ಬಗ್ಗುತ್ತಾನೆ. ಕನ್ನಡಕ ಮೂಗಿನ ತುದಿಗೆ ಜಾರುತ್ತದೆ. ತಲೆಯನ್ನು ಹಿಂದಕ್ಕೆ ವಾಲಿಸಿ ಓದಲು ನೋಡುತ್ತಾನೆ. ಅಷ್ಟರಲ್ಲಿ ಬೆಂಚಿನಿಂದ ಹೆಂಡತಿ ಎದ್ದೇಬಿಟ್ಟಿದ್ದಾಳೆ. ಬೆಂಚಮ್ಮ ಚಾಚಿದ ಕೈಗೆ ಸಿಕ್ಕುವುದಿಲ್ಲ. ಸೀದಾ ಒಳಗೆ ಹೋಗಿ, ಒಂದು ಬೆರಳಿನಿಂದ ಕನ್ನಡಕವನ್ನು ಮೇಲಕ್ಕೆ ದೂಡಿ, ಅಂಗೈಯಿಂದ ಅವನ ಮೂಗಿನ ಬೆವರು ಒರೆಸಿ, ತಿರುಗಿ ಬಾಗಿಲ ಕಡೆ ಹೊರಟಿದ್ದಾಳೆ.

“ನಿಲ್ಲಿ ತಾಯಿ. ಈಗ ಏನು ಮಾಡಿದ್ರಿ?”

“ತಪ್ಪಾಯ್ತು ಸಾರ್, ಬೋರ್ಡು ನೋಡಿದೀನಿ, ಹೋಗ್ತೀನಿ.”

“ಅದಲ್ಲ. ಅವರಿಗೆ ಏನು ಮಾಡಿದ್ರಿ?”

“ಅವರಿಗಾ? ನಾನೇನು ಮಾಡಿದೆ?”

ಅವಳಿಗೆ ನಿಜಕ್ಕೂ ತಿಳಿದಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು ತಮ್ಮ ಕನ್ನಡಕವನ್ನು ಮುಟ್ಟಿ ತೋರಿಸುತ್ತಾರೆ.

“ಅಯ್ಯೋ, ಅದಾ? ಅದು ದಿನಾ ಇದ್ದದ್ದೇ ಸಾರ್.”

“ದಿನಾ ಇನ್ನೇನೇನು ಇದ್ದದ್ದು?”

ಅವಳು ಗಂಡನ ಮುಖ ನೋಡುತ್ತಾಳೆ. ಮೇಸ್ತ್ರಿ ಎರಡೂ ಕೈಗಳನ್ನು ಎತ್ತಿ ಮೇಜಿನ ಮೇಲೆ ಇಡುತ್ತಾನೆ. ಆಮೇಲೆ “ಹೇಳು” ಎನ್ನುತ್ತಾನೆ.

ಅವಳು ನಿಂತೇ ಹೇಳುತ್ತಾಳೆ, ಹೊದಿಕೆಯಿಂದ ಹಿಡಿದು, ಬೆಳಿಗ್ಗೆ ಬೆಂಚಿನ ಮೇಲೆ ಹೇಳಿದ ಕ್ರಮದಲ್ಲೇ. ಡಾಕ್ಟರು ಎದ್ದು ಬಂದು ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಾರೆ. ಪೆನ್ಸಿಲ್ ಕೊಡುತ್ತಾರೆ, ಬೀಳುತ್ತದೆ. ಮತ್ತೆ ಕೊಡುತ್ತಾರೆ, ಬೀಳುತ್ತದೆ.

“ಹೋದ ಸಲ ಇದನ್ನೆಲ್ಲ ಯಾಕೆ ಹೇಳಲಿಲ್ಲ ನೀವು?”

“ನೀವು ಹೇಗಿದ್ದೀರಿ ಅಂತ ಕೇಳಿದ್ರಿ ಸಾರ್” ಎನ್ನುತ್ತಾನೆ ಮೇಸ್ತ್ರಿ. ಡಾಕ್ಟರು ಕೂತು ಬರೆಯುತ್ತಾರೆ.

ಮಾಸಾಶನ ಕೊಡತಕ್ಕದ್ದು ಎಂದು ಬರೆದಿದ್ದಾರೆ. ಹೊರಬಂದ ಇಬ್ಬರಿಂದ ಅದನ್ನು ಕೇಳಿ ಬೆಂಚಮ್ಮ ಕಣ್ಣುಮುಚ್ಚಿ ಒಂದು ಗಳಿಗೆ ಕೈಮುಗಿಯುತ್ತಾಳೆ. ಕಣ್ಣು ಬಿಟ್ಟವಳೇ ಮೇಸ್ತ್ರಿಯ ಹೆಂಡತಿಯ ಕಿವಿ ಹಿಂಡುತ್ತಾಳೆ.

“ಕೈ ಕಂಕುಳಲ್ಲಿ ಇಟ್ಕೋ ಅಂದಿದ್ನಲ್ಲೇ?”

“ಮರ್ತೇ ಹೋಯ್ತಮ್ಮಾ.”

“ಒಳ್ಳೇದಾಯ್ತು. ನನ್ನ ಮಾತು ಕೇಳಿದ್ರೆ ನೀನು ಕೆಟ್ಟಿದ್ದೆ.”

ಇಬ್ಬರೂ ಗೇಟು ದಾಟುವವರೆಗೆ ನೋಡುತ್ತಿರುತ್ತಾಳೆ. ಇಷ್ಟು ಕಾಲ ಜೊತೆಯವರನ್ನು ಕೈಕಟ್ಟಿ ಹೊರಗೆ ಕೂರಿಸಿದ್ದು ಪೂರಾ ಸರಿಯಲ್ಲವೇನೋ ಎನ್ನುತ್ತಾಳೆ. ಈ ಕಛೇರಿಯಿಂದ ನಿಮಗೆ ಏನಾದರೂ ಆಗಬೇಕೇ ಎಂದು ಕೇಳಿದರೆ ಅರ್ಧ ತೆರೆದ ಆ ಬಾಗಿಲ ಕಡೆ ಗಲ್ಲ ಎತ್ತಿ ತೋರಿಸುತ್ತಾಳೆ.

“ಒಳಗೆ ಇನ್ನೊಂದು ಕುರ್ಚಿ ಹಾಕ್ಲಿ, ಸಾಕು. ಜೊತೆಗೆ ಬಂದವರನ್ನೂ ಕೂರಿಸಿ ಕೇಳ್ಲಿ. ನಾನೂ ಅವತ್ತು ಒಳಗೆ ಇದ್ದಿದ್ರೆ, ‘ರೀ, ಕೆಮ್ಮಿ’ ಅಂತಿದ್ದೆ.” ಹೆಂಚಿನ ಚೂರನ್ನು ಕಾಲಬೆರಳಿನಿಂದ ಒಳಕ್ಕೆ ಒತ್ತುತ್ತಾಳೆ. “ಕುರ್ಚಿ ಇಲ್ಲ ಅಂದ್ರೆ ಈ ಬೆಂಚನ್ನೇ ಎತ್ಕೊಂಡು ಹೋಗ್ಲಿ. ಗಟ್ಟಿ ಇದೆ, ಒರೆಸಿಟ್ಟಿದೀನಿ. ನಾನು ನಿಂತ್ಕೊಂಡೇ ಕೆಲಸ ಮಾಡ್ತೀನಿ.”